ಪಡೆದವರೆಲ್ಲ ಹಡೆದವರೇ

ಮದುವೆಯಾಗಿ ವರ್ಷ ತುಂಬಿದ ಹೆಣ್ಣುಮಗಳನ್ನು ಕಂಡರೆ ನಮ್ಮಲ್ಲಿ ಹಿರಿಯರು ಕೇಳುವ ಪ್ರಶ್ನೆಯೊಂದುಂಟು: “ಏನಾದರೂ ವಿಶೇಷವೆ?” ಕೇಳುವವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ಹೇಳಿಕೊಳ್ಳುವುದಕ್ಕೆ ಆಕೆಗೆ ಬೇರೆ ಏನೇನೋ ಇರಬಹುದು. ಕೆಲಸ ಸಿಕ್ಕಿರಬಹುದು, ಪದವಿ ಮುಗಿದಿರಬಹುದು. ಆದರೆ ಅವು ಯಾವುವೂ ‘ವಿಶೇಷ’ವಲ್ಲವೆಂಬುದು ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವಳಿಗೂ ಗೊತ್ತು. ವರ್ಷ ಎರಡಾಗಿ, ಐದಾಗಿ, ಹತ್ತಾದಾಗ ಆ ಪ್ರಶ್ನೆ ನಿಂತುಹೋಗುತ್ತದೆ. ಅದರ ಬದಲು ಒಂದು ಮೌನ ಬರುತ್ತದೆ. ಆ ಮೌನ ಪ್ರಶ್ನೆಗಿಂತಲೂ ಭಾರವಾದದ್ದು.

ತಾಯಿಯಾಗುವ ದಾರಿ ಒಂದೇ, ಅದು ನೇರವಾದದ್ದು, ಎಲ್ಲರಿಗೂ ತಾನಾಗಿ ತೆರೆದುಕೊಳ್ಳುವಂಥದು ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ದಾರಿಗಳು ಹಲವು, ಅವುಗಳಲ್ಲಿ ಬಹುಪಾಲು ಕಷ್ಟದವು ಎಂಬುದನ್ನು ನಮ್ಮ ಭಾಷೆ, ನಮ್ಮ ಕಾವ್ಯ, ನಮ್ಮ ಕಾನೂನು ಮೂರೂ ತಮ್ಮ ತಮ್ಮ ರೀತಿಯಲ್ಲಿ ಬಲ್ಲವು. ಕನ್ನಡವನ್ನು ಓದಿಸಿಕೊಂಡು ಬದುಕಿದವನು ನಾನು. ಆದ್ದರಿಂದ ಮಾತಿನಿಂದಲೇ ಮೊದಲು ಮಾಡುತ್ತೇನೆ.

‘ಹೆರು’ ಎಂಬ ಕ್ರಿಯಾಪದವನ್ನು ನೋಡಿ. ಹಳಗನ್ನಡದಲ್ಲಿ ಅದು ಶಕಟರೇಫವುಳ್ಳ ‘ಪೆಱ್’. ಅದಕ್ಕೆ ‘ಪ್ರಸವಿಸು’ ಎಂಬ ಅರ್ಥವಷ್ಟೇ ಅಲ್ಲ, ‘ಪಡೆ, ಹೊಂದು’ ಎಂಬ ಅರ್ಥವೂ ಇತ್ತು. ತಮಿಳಿನಲ್ಲಿ ಇಂದಿಗೂ ‘ಪೆಱು’ ಎಂದರೆ ಪಡೆ ಎಂದೇ ಅರ್ಥ; ಅಲ್ಲಿ ತಂದೆತಾಯಿಗಳಿಗಿರುವ ಹೆಸರು ‘ಪಡೆದವರು’ ಎಂಬ ಅರ್ಥದ್ದು. ಇನ್ನು ಉತ್ತರ ಕರ್ನಾಟಕದ ‘ಹಡೆದವ್ವ’ನನ್ನು ತೆಗೆದುಕೊಳ್ಳಿ. ‘ಹಡೆ’ ಎಂಬುದು ‘ಪಡೆ’ಯ ರೂಪಾಂತರವೇ, ಪಕಾರ ಹಕಾರವಾಗಿದೆ, ಅಷ್ಟೆ. ಹೆರುವುದು, ಹಡೆಯುವುದು ಎಂಬ ನಮ್ಮ ಎರಡು ಮುಖ್ಯ ಮಾತುಗಳೂ ಮೂಲದಲ್ಲಿ ಹೇಳುವುದು ಶರೀರದ ಒಂದು ವ್ಯಾಪಾರವನ್ನಲ್ಲ, ಒಂದು ಪ್ರಾಪ್ತಿಯನ್ನು. ಮಗು ಹೆಣ್ಣು ತಯಾರಿಸಿದ ವಸ್ತುವಲ್ಲ, ಅವಳಿಗೆ ದೊರೆತ ಜೀವ ಎಂಬ ಎಣಿಕೆ ಈ ಮಾತುಗಳ ಬೇರಿನಲ್ಲಿದೆ. ಹಾಗಿದ್ದಮೇಲೆ ಯಾವ ದಾರಿಯಿಂದ ಪಡೆದರೂ ಪಡೆದವಳು ಹಡೆದವಳೇ ಆಗಬೇಡವೆ?

ಆದರೆ ಇದೇ ಭಾಷೆ ಕ್ರೂರವೂ ಹೌದು. ಸಂಸ್ಕೃತದ ‘ವಂಧ್ಯಾ’ ಎಂಬುದು ನಮ್ಮಲ್ಲಿ ‘ಬಂಜೆ’ಯಾಯಿತು. ಈ ‘ಬಂಜೆ’ಗೆ ನಮ್ಮ ಬಳಕೆಯ ಮಾತಿನಲ್ಲಿ ಪುಲ್ಲಿಂಗ ರೂಪವಿಲ್ಲ. ಗಂಡಸಿಗೆ ಹೇಳುವ ಬೈಗುಳಗಳು ಬೇರೆ ಉಂಟು, ಅವುಗಳ ಅರ್ಥವೂ ಬೇರೆ. ಮಕ್ಕಳಾಗದಿರುವುದು ಹೆಣ್ಣಿನ ಕೊರತೆ ಎಂದು ವ್ಯಾಕರಣವೇ ತೀರ್ಪು ಕೊಟ್ಟುಬಿಟ್ಟಂತಿದೆ. ವೈದ್ಯಶಾಸ್ತ್ರ ಹೇಳುವುದು ಹಾಗಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಕಾರಣ ಹೆಂಡತಿಯಲ್ಲಿ ಇರಬಹುದು, ಗಂಡನಲ್ಲಿ ಇರಬಹುದು, ಇಬ್ಬರಲ್ಲೂ ಇರಬಹುದು, ಎಷ್ಟು ಹುಡುಕಿದರೂ ತಿಳಿಯದೆಯೂ ಇರಬಹುದು. ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ತಮ್ಮ ಬದುಕಿನಲ್ಲಿ ಎಂದಾದರೂ ಈ ತೊಂದರೆಯನ್ನು ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಇಷ್ಟು ಸಾಮಾನ್ಯವಾದ ಒಂದು ಸ್ಥಿತಿಗೆ ನಾವು ಶಾಪದ ಹೆಸರನ್ನಿಟ್ಟುಕೊಂಡು ಕುಳಿತಿದ್ದೇವೆ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರನ್ನು ಅರಿಯದವರಾರು? ಮಕ್ಕಳಿಲ್ಲದ ಅವರು, ಪತಿ ಚಿಕ್ಕಯ್ಯನವರ ಜೊತೆಗೂಡಿ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತುಹಾಕಿ, ದನಕರು ಮೇಯದಂತೆ ಮುಳ್ಳುಬೇಲಿ ಕಟ್ಟಿ ಬೆಳೆಸಿದರು. ಆ ಮರಗಳು 385 ಎಂದು ಲೆಕ್ಕ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಮರಗಳೇ ಅವರ ಮಕ್ಕಳು ಎಂದು ನಾವೆಲ್ಲ ಕೊಂಡಾಡಿದೆವು. ಕೊಂಡಾಟ ಸರಿಯೆ. ಆದರೆ ಆ ಸಾಲುಮರಗಳ ಬುಡದಲ್ಲಿರುವ ನೋವನ್ನೂ ಕಾಣಬೇಕು. ಮಕ್ಕಳಿಲ್ಲದ ಹೆಂಗಸಿಗೆ ಸಮಾಜದಲ್ಲಿ ನಿಲ್ಲಲು ನೆಲವೇ ಇಲ್ಲವೆಂಬಂಥ ಕಾಲದಲ್ಲಿ ಅವರು ತಮ್ಮ ನೆಲವನ್ನು ತಾವೇ ಮಾಡಿಕೊಂಡರು. ಎಲ್ಲರಿಗೂ ಅಂಥ ಎದೆಗಾರಿಕೆ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಮಕ್ಕಳಿಲ್ಲದವಳು ಗೌರವ ಪಡೆಯಲು ಮುನ್ನೂರ ಎಂಬತ್ತೈದು ಮರ ಬೆಳೆಸಿ ತೋರಿಸಬೇಕೆ?

ಇನ್ನು ಕಾವ್ಯದ ಮಾತು. ಪಂಪನ ಕರ್ಣನನ್ನು ಪಾಠ ಹೇಳುವಾಗ ಪ್ರತಿವರ್ಷವೂ ತರಗತಿಯಲ್ಲಿ ಒಬ್ಬರಾದರೂ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: “ಸರ್, ಕರ್ಣನ ನಿಜವಾದ ತಾಯಿ ಯಾರು?” ಈ ‘ನಿಜ’ ಎಂಬ ಪದವೂ ಕುತೂಹಲದ್ದು. ಸಂಸ್ಕೃತದಲ್ಲಿ ‘ನಿಜ’ ಎಂದರೆ ತನ್ನದು, ಸ್ವಂತದ್ದು. ಕನ್ನಡದಲ್ಲಿ ಅದು ಸತ್ಯ ಎಂಬ ಅರ್ಥಕ್ಕೆ ಹರಡಿಕೊಂಡಿತು. ಹಾಗಾಗಿ ‘ನಿಜವಾದ ತಾಯಿ’ ಎಂದು ನಾವು ಹೇಳುವಾಗ, ಮಗು ಯಾರನ್ನು ತನ್ನವಳೆಂದು ತಿಳಿಯಿತೋ ಅವಳು ಎಂಬ ಅರ್ಥವನ್ನೂ ಹೇಳುತ್ತಿರುತ್ತೇವೆ.

ವ್ಯಾಸರ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಕಡೆಗೆ ಬಾ ಎಂದು ಕರೆಯುತ್ತಾನೆ. ಕರ್ಣ ಕೊಡುವ ಉತ್ತರದಲ್ಲಿ ರಾಜ್ಯ, ಋಣ, ಸ್ನೇಹಗಳ ಜೊತೆಗೆ ಒಂದು ಮನೆಯ ಮಾತಿದೆ. ತನ್ನನ್ನು ಕಂಡೊಡನೆ ರಾಧೆಯ ಎದೆಯಲ್ಲಿ ಹಾಲು ಇಳಿಯಿತೆಂದೂ, ತನ್ನ ಮಲಮೂತ್ರಗಳನ್ನು ಬಳಿದವಳು ಅವಳೆಂದೂ, ಅಂಥವಳಿಗೆ ಸಲ್ಲಬೇಕಾದ ಪಿಂಡವನ್ನು ತಾನು ತಪ್ಪಿಸುವುದು ಹೇಗೆಂದೂ ಅವನು ಕೇಳುತ್ತಾನೆ. ಸೂರ್ಯನ ಮಗನಾದರೂ ಜಗತ್ತು ಅವನನ್ನು ‘ರಾಧೇಯ’ ಎಂದೇ ಕರೆಯಿತು. ಹಾಲು ಇಳಿದ ಮಾತು ಕೇವಲ ಕವಿಕಲ್ಪನೆ ಎಂದು ತಳ್ಳಬೇಕಾಗಿಯೂ ಇಲ್ಲ. ಹೆರದ ಹೆಂಗಸಿನಲ್ಲೂ, ಮಗುವನ್ನು ಮತ್ತೆ ಮತ್ತೆ ಎದೆಗಿಟ್ಟುಕೊಂಡರೆ, ಕೆಲವೊಮ್ಮೆ ಔಷಧದ ನೆರವಿನಿಂದ, ಸ್ವಲ್ಪಮಟ್ಟಿಗಾದರೂ ಹಾಲು ಬರುವುದು ಸಾಧ್ಯವೆಂದು ಇಂದಿನ ವೈದ್ಯರು ಒಪ್ಪುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಾಂಧಾರಿಯ ಮಾಂಸಪಿಂಡವನ್ನು ವ್ಯಾಸರು ನೂರೊಂದು ಭಾಗ ಮಾಡಿ ತುಪ್ಪದ ಕೊಡಗಳಲ್ಲಿರಿಸಿದ್ದು, ದೇವಕಿಯ ಗರ್ಭ ರೋಹಿಣಿಗೆ ಸಾಗಿದ್ದು, ಇವೆಲ್ಲ ಅಂದಿನ ಪ್ರಯೋಗಶಾಲೆಯ ವರದಿಗಳೆಂದು ವಾದಿಸುವವರಿದ್ದಾರೆ. ಹಾಗಲ್ಲ. ಕಥೆಯನ್ನು ವಿಜ್ಞಾನವೆಂದರೆ ಕಥೆಗೂ ಅವಮಾನ, ವಿಜ್ಞಾನಕ್ಕೂ ಅವಮಾನ. ಆ ಕಥೆಗಳು ಹೇಳುವುದು ಇಷ್ಟೆ: ಎರಡು ವರ್ಷ ಬಸಿರು ಹೊತ್ತು, ಕುಂತಿಗೆ ಮಗುವಾದ ಸುದ್ದಿ ಕೇಳಿ, ತಾಳಲಾರದೆ ತನ್ನ ಹೊಟ್ಟೆಯನ್ನೇ ಗುದ್ದಿಕೊಂಡ ಗಾಂಧಾರಿಯ ಸಂಕಟ ನಮ್ಮ ಪೂರ್ವಿಕರಿಗೆ ಗೊತ್ತಿತ್ತು. ತಂತ್ರ ಗೊತ್ತಿರಲಿಲ್ಲ, ಸಂಕಟ ಗೊತ್ತಿತ್ತು.

ಧರ್ಮಶಾಸ್ತ್ರಕಾರರು ಈ ವಿಷಯವನ್ನು ಬೇರೊಂದು ಕಡೆಯಿಂದ ನೋಡಿದರು. ಮನುಸ್ಮೃತಿ ಹನ್ನೆರಡು ಬಗೆಯ ಪುತ್ರರನ್ನು ಎಣಿಸುತ್ತದೆ. ಔರಸ, ಕ್ಷೇತ್ರಜ, ದತ್ತ, ಕೃತ್ರಿಮ, ಕಾನೀನ, ಕ್ರೀತ ಎಂದು ಪಟ್ಟಿ ಬೆಳೆಯುತ್ತದೆ. ಮಗ ಬರುವ ದಾರಿಗಳು ಇಷ್ಟು ಬಗೆ ಎಂದು ಎಣಿಸಿದವರು ತಾಯಿಯಾಗುವ ಬಗೆಗಳನ್ನು ಎಣಿಸಲು ಹೋಗಲಿಲ್ಲ. ಏಕೆಂದರೆ ಅಲ್ಲಿನ ಪ್ರಶ್ನೆ ತಂದೆಯ ಆಸ್ತಿ ಮತ್ತು ಪಿಂಡದ್ದು. ದತ್ತಕವೆಂಬುದು ಗಂಡನ ವಂಶಕ್ಕೆ ಮಗನನ್ನು ತರುವ ಕ್ರಮವಾಗಿತ್ತೇ ಹೊರತು, ಹೆಣ್ಣಿನ ಬರಿದಾದ ಮಡಿಲಿಗೆ ಮಗುವನ್ನು ಕೊಡುವ ಕ್ರಮವಾಗಿರಲಿಲ್ಲ.

ಹೀಗಿದ್ದರೂ ನಮ್ಮ ನಾಡಿನ ಚರಿತ್ರೆಯ ದೊಡ್ಡ ತಿರುವುಗಳು ದತ್ತಕದ ಮೇಲೆಯೇ ನಿಂತಿವೆ. 1824ರಲ್ಲಿ ಕಿತ್ತೂರಿನ ದೊರೆ ಗತಿಸಿದಾಗ ದತ್ತುಪುತ್ರನ ಹಕ್ಕನ್ನು ಕಂಪನಿಯವರು ಒಪ್ಪಲಿಲ್ಲ. ಚೆನ್ನಮ್ಮ ರಾಣಿ ಆ ಹಕ್ಕಿಗಾಗಿ ಕತ್ತಿ ಹಿಡಿದಳು. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಬಾಲಕನನ್ನು ಬ್ರಿಟಿಷರು ಕೊನೆಗೂ ಮನ್ನಿಸಿದರು. 1881ರಲ್ಲಿ ರಾಜ್ಯ ಹಿಂದಕ್ಕೆ ಬಂದದ್ದು ಅದೇ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಗೆ. ದತ್ತುಮಗನಿಗಾಗಿ ಪ್ರಾಣ ಕೊಟ್ಟ ನಾಡಿದು. ಇಲ್ಲಿ ‘ಸಾಕಿದ ಮಗ’ ಎನ್ನುವಾಗ ನಾವು ದನಿ ತಗ್ಗಿಸುವುದೇಕೆ?

ಕಾನೂನು ನಿಧಾನವಾಗಿ ಹೆಣ್ಣಿನ ಕಡೆಗೆ ತಿರುಗಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದಿತು. ಅವಿವಾಹಿತೆ, ವಿಧವೆ, ವಿಚ್ಛೇದಿತೆಯರಿಗೆ ತಾವೇ ದತ್ತು ತೆಗೆದುಕೊಳ್ಳುವ ಅಧಿಕಾರ ಕೊಟ್ಟಿತು. ಆದರೆ ಗಂಡನಿರುವ ಹೆಂಗಸಿಗೆ ಕೊಡಲಿಲ್ಲ. ಆಕೆ ಗಂಡನ ದತ್ತಕಕ್ಕೆ ಒಪ್ಪಿಗೆ ಕೊಡಬಹುದಿತ್ತು, ಅಷ್ಟೆ. ಈ ವಿಚಿತ್ರವನ್ನು ತಿದ್ದಲು 2010ರವರೆಗೆ ಕಾಯಬೇಕಾಯಿತು. ಈಗ ಗಂಡನ ಸಮ್ಮತಿಯೊಡನೆ ಆಕೆಯೂ ದತ್ತು ತೆಗೆದುಕೊಳ್ಳಬಲ್ಲಳು. ಇನ್ನು 2015ರ ಬಾಲನ್ಯಾಯ ಕಾಯಿದೆಯು ಯಾವ ಧರ್ಮದವರಿಗೂ ದತ್ತಕದ ಬಾಗಿಲನ್ನು ತೆರೆದಿಟ್ಟಿದೆ. ಕೇಂದ್ರ ದತ್ತಕ ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಮಾಜಕಾರ್ಯಕರ್ತರು ಮನೆಗೆ ಬಂದು ವಿಚಾರಿಸುತ್ತಾರೆ. ಅನಂತರ ಸರದಿಗಾಗಿ ಕಾಯಬೇಕು. ಕಾಯುವುದು ಒಂದೆರಡು ತಿಂಗಳಲ್ಲ, ವರ್ಷಗಳು. 2024-25ರಲ್ಲಿ ದೇಶದಲ್ಲಿ ಹೀಗೆ ಆದ ದತ್ತಕಗಳು 4,515. ಕಾದಿರುವ ದಂಪತಿಗಳ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು. ಬಸಿರಿಗೆ ಒಂಬತ್ತು ತಿಂಗಳೆಂಬ ಗಡುವಾದರೂ ಉಂಟು. ಈ ಬಸಿರಿಗೆ ಗಡುವೂ ಇಲ್ಲ, ಸೀಮಂತವೂ ಇಲ್ಲ.

ಮೂರನೆಯ ದಾರಿ ವಿಜ್ಞಾನದ್ದು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್ ಎಂಬ ಊರಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿತು. ಎರಡು ತಿಂಗಳು ಕಳೆದು, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಮಗು ಹುಟ್ಟಿತು. ಅವರ ಸಾಧನೆಯನ್ನು ಸರಕಾರ ನೇಮಿಸಿದ ಸಮಿತಿ ನಂಬಲಿಲ್ಲ. ಪರದೇಶಕ್ಕೆ ಹೋಗಿ ವಿವರಿಸುವ ಅವಕಾಶವೂ ಸಿಗಲಿಲ್ಲ. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಗು ಭಾರತದ ಮೊದಲನೆಯದೆಂದು ದಾಖಲಾಯಿತು. ಆ ಕಾರ್ಯದ ಹಿಂದಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರ್ ಅವರೇ 1997ರಲ್ಲಿ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಪರಿಶೀಲಿಸಿ, ಮೊದಲಿಗರು ತಾವಲ್ಲ, ಅವರು ಎಂದು ಸಾರಿದರು. ತಮ್ಮ ತಲೆಯ ಕಿರೀಟವನ್ನು ತಾವೇ ತೆಗೆದು, ಗತಿಸಿದವನ ತಲೆಗೆ ಇಡುವ ಔದಾರ್ಯ ಎಲ್ಲ ಕಾಲದಲ್ಲೂ ಅಪರೂಪವೇ.

ಈ ಚಿಕಿತ್ಸೆಯ ಕ್ರಮವನ್ನು ಸ್ಥೂಲವಾಗಿ ಹೇಳುವುದಾದರೆ ಹೀಗೆ. ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡಾಣು ಮಾಗುವ ಕಡೆ, ಚುಚ್ಚುಮದ್ದುಗಳಿಂದ ಹಲವು ಮಾಗುವಂತೆ ಮಾಡುತ್ತಾರೆ. ಅವುಗಳನ್ನು ಸೂಜಿಯಿಂದ ಹೊರತೆಗೆದು ಗಾಜಿನ ತಟ್ಟೆಯಲ್ಲಿ ವೀರ್ಯಾಣುವಿನೊಡನೆ ಕೂಡಿಸುತ್ತಾರೆ. ಮೂರರಿಂದ ಐದು ದಿನ ಬೆಳೆದ ಭ್ರೂಣವನ್ನು ಗರ್ಭಾಶಯದಲ್ಲಿ ಇರಿಸುತ್ತಾರೆ. ಅನಂತರ ಸುಮಾರು ಎರಡು ವಾರ ಕಾಯಬೇಕು. ಭ್ರೂಣ ನಿಂತರೆ ಸಂತೋಷ, ನಿಲ್ಲದಿದ್ದರೆ ಮತ್ತೆ ಮೊದಲಿನಿಂದ. ನಿಲ್ಲದೆ ಹೋಗುವುದೇ ಹೆಚ್ಚು. ಹೆಣ್ಣಿನ ವಯಸ್ಸು ಏರಿದಂತೆ ನಿಲ್ಲುವ ಸಾಧ್ಯತೆ ಇಳಿಯುತ್ತದೆ. ಕಾರಣ ಗಂಡನಲ್ಲಿದ್ದರೂ ಚುಚ್ಚುಮದ್ದು ಹೆಂಡತಿಗೇ. ಹಣ ಕರಗುತ್ತದೆ, ಹೊಲಮನೆಗಳು ಅಡವಾಗುತ್ತವೆ. ಜಾಹೀರಾತಿನ ಫಲಕದಲ್ಲಿ ನಗುವ ಮಗುವಿನ ಚಿತ್ರ ಮಾತ್ರ ಇರುತ್ತದೆ. ಬರಿಗೈಯಲ್ಲಿ ಬಸ್ಸು ಹತ್ತಿದವರ ಚಿತ್ರ ಇರುವುದಿಲ್ಲ.

ಇದಕ್ಕಿಂತ ತೊಡಕಿನದು ‘ಬಾಡಿಗೆ ತಾಯ್ತನ’. 2008ರಲ್ಲಿ ಗುಜರಾತಿನ ಆನಂದದಲ್ಲಿ ಜಪಾನಿನ ದಂಪತಿಗಳಿಗಾಗಿ ಒಬ್ಬ ಹೆಂಗಸು ಹೆಣ್ಣುಮಗುವನ್ನು ಹೆತ್ತಳು. ಹೆರಿಗೆಗೆ ಮೊದಲೇ ಆ ದಂಪತಿಗಳು ಬೇರೆಯಾಗಿದ್ದರು. ಹೊತ್ತವಳೊಬ್ಬಳು, ಅಂಡಾಣು ಕೊಟ್ಟವಳೊಬ್ಬಳು, ಬಯಸಿದವಳೊಬ್ಬಳು. ಮೂವರು ತಾಯಂದಿರಿದ್ದ ಮಗುವಿಗೆ ಕಾನೂನಿನ ಕಣ್ಣಿನಲ್ಲಿ ಒಬ್ಬ ತಾಯಿಯೂ ಇಲ್ಲವಾಯಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಮಗುವಿನ ಹೊಣೆ ಹೊರಲು ಅಷ್ಟು ದೂರದಿಂದ ಬಂದವಳು ಅದರ ಅಜ್ಜಿ, ತಂದೆಯ ತಾಯಿ. 2021ರಲ್ಲಿ ಈ ಬಗ್ಗೆ ಕಾಯಿದೆಯಾಗಿ, 2022ರ ಜನವರಿಯಿಂದ ಜಾರಿಗೆ ಬಂತು. ಹಣಕ್ಕಾಗಿ ಗರ್ಭ ಹೊರುವುದು ಈಗ ನಿಷಿದ್ಧ. ವೈದ್ಯಕೀಯ ವೆಚ್ಚ ಮತ್ತು ವಿಮೆ ಬಿಟ್ಟರೆ ಬೇರೆ ಪ್ರತಿಫಲ ಸಲ್ಲದು. ಹೊರುವವಳಿಗೆ ಸ್ವಂತ ಮಗುವಿರಬೇಕು. ಬದುಕಿನಲ್ಲಿ ಒಂದೇ ಸಲ ಆಕೆ ಹೀಗೆ ಹೊರಬಹುದು. ಬಡವಿಯ ಗರ್ಭ ಮಾರುಕಟ್ಟೆಯ ಸರಕಾಗಬಾರದೆಂಬುದು ಒಳ್ಳೆಯ ಉದ್ದೇಶವೇ. ಒಂಬತ್ತು ತಿಂಗಳ ದುಡಿಮೆಗೆ ಕೂಲಿಯೂ ಬೇಡವೆಂದರೆ ಅದು ಯಾವ ನ್ಯಾಯ ಎಂದು ಕೇಳುವವರೂ ಇದ್ದಾರೆ. ಆ ಚರ್ಚೆ ಮುಗಿದಿಲ್ಲ. ಆದರೆ ಬಾಡಿಗೆಯನ್ನು ಕಾನೂನು ಕಿತ್ತುಹಾಕಿದಮೇಲೂ ನಮ್ಮ ಪತ್ರಿಕೆಗಳ ಮಾತಿನಲ್ಲಿ ‘ಬಾಡಿಗೆ’ ಉಳಿದುಕೊಂಡಿದೆ. ‘ಹೊತ್ತ ತಾಯಿ’ ಎಂಬ ಚೆಂದದ ಮಾತು ಕನ್ನಡದಲ್ಲಿರುವಾಗ ಇದೇಕೆ ಬೇಕು?

ಹಾಗೆಂದು ಸಹಜವೆನಿಸುವ ದಾರಿ ಸುಲಭದ್ದೆಂದು ತಿಳಿಯಬೇಡಿ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. 2001-03ರಲ್ಲಿ ಭಾರತದಲ್ಲಿ ಲಕ್ಷ ಹೆರಿಗೆಗಳಿಗೆ ಸುಮಾರು 300 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 97ಕ್ಕೆ, ಕರ್ನಾಟಕದಲ್ಲಿ 69ಕ್ಕೆ ಇಳಿಯಿತು. ಇದು ದೊಡ್ಡ ಗೆಲುವು. ಇದರ ಹಿಂದೆ ಆಸ್ಪತ್ರೆಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಆಸ್ಪತ್ರೆಗಳು ದೂರವಿದ್ದ ಕಾಲದಲ್ಲಿ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಂಥವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಕಾಸೂ ಪಡೆಯದೆ ಮಾಡಿಸಿದ್ದರು. ಅವರು 2018ರ ಡಿಸೆಂಬರಿನಲ್ಲಿ ತೀರಿಕೊಂಡರು. ‘ಸೂಲ್’ ಎಂದರೆ ಹೆರಿಗೆ. ಆ ಹಳೆಯ ಪದವನ್ನು ಹೊಸಬರ ಕಿವಿಗೆ ಮತ್ತೆ ಮುಟ್ಟಿಸಿದವರೂ ಅವರೇ.

ದೇಹ ಉಳಿದರೂ ಮನಸ್ಸು ಮುರಿಯಬಹುದು. ಇದನ್ನು ಕನ್ನಡಿಗರಿಗೆ ತಿಳಿಸಿದವರು ತ್ರಿವೇಣಿ. ‘ಶರಪಂಜರ’ದ ಕಾವೇರಿ ಬಾಣಂತನದಲ್ಲಿ ಚಿತ್ತಸ್ವಾಸ್ಥ್ಯ ಕಳೆದುಕೊಳ್ಳುತ್ತಾಳೆ, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ರೋಗ ಬಿಟ್ಟರೂ ಜನ ಬಿಡುವುದಿಲ್ಲ. ಸಂಶಯದ, ತಿರಸ್ಕಾರದ ನೋಟಗಳೇ ಅವಳನ್ನು ಮತ್ತೆ ಆಸ್ಪತ್ರೆಗೆ ಅಟ್ಟುತ್ತವೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದಾಗ ಇಡೀ ನಾಡು ಕಣ್ಣೀರಿಟ್ಟಿತು. ತಾಯ್ತನದ ಈ ಕತ್ತಲ ಮೂಲೆಗೆ ದೀಪ ಹಿಡಿದ ತ್ರಿವೇಣಿಯವರು 1963ರ ಜುಲೈ ತಿಂಗಳಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ತೀರಿಕೊಂಡರು. ಆಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಕಾವೇರಿಗಾಗಿ ಅತ್ತ ನಾವು ನಮ್ಮ ಮನೆಯ ಬಾಣಂತಿ ಕಾರಣವಿಲ್ಲದೆ ಅತ್ತಾಗ “ಇಂಥ ಹೊತ್ತಿನಲ್ಲಿ ಅಳುತ್ತಾರೆಯೆ?” ಎಂದು ಗದರುತ್ತೇವೆ. ಸಾಹಿತ್ಯ ಓದಿದ್ದರ ಫಲ ಕಾಣಬೇಕಾದದ್ದು ಇಂಥಲ್ಲಿ.

ಹೊರುವುದು, ಹೆರುವುದು, ಸಾಕುವುದು, ಸಲಹುವುದು. ತಾಯಿಯಾಗುವುದೆಂದರೆ ಈ ನಾಲ್ಕು ಕೆಲಸ. ಬಹುತೇಕ ಮನೆಗಳಲ್ಲಿ ನಾಲ್ಕನ್ನೂ ಒಬ್ಬಳೇ ಮಾಡುವುದರಿಂದ ಇವೆಲ್ಲ ಒಂದೇ ಎಂದು ನಮಗೆ ಅಭ್ಯಾಸವಾಗಿದೆ. ದೇವಕಿ ಯಶೋದೆಯರಲ್ಲಿ, ಕುಂತಿ ರಾಧೆಯರಲ್ಲಿ ಅವು ಬೇರೆಯಾಗಿದ್ದವು; ಇಂದಿನ ವಿಜ್ಞಾನದಲ್ಲಿ, ನ್ಯಾಯಾಲಯದಲ್ಲಿ ಮತ್ತೆ ಬೇರೆಯಾಗುತ್ತಿವೆ. ಬೇರೆಯಾದಾಗ ಒಂದನ್ನು ನಿಜವೆಂದು, ಉಳಿದವನ್ನು ಸುಳ್ಳೆಂದು ತೀರ್ಮಾನಿಸುವ ಅವಸರ ಬೇಡ. ಹೆರದೆ ಸಾಕಿದವಳು ತಾಯಿ. ಸಾಕಲಾರದೆ, ಎದೆ ಕಲ್ಲುಮಾಡಿಕೊಂಡು, ಮಗು ಬದುಕಲಿ ಎಂದು ಬೇರೆ ಮಡಿಲಿಗೆ ಕೊಟ್ಟವಳೂ ತಾಯಿ. ಗಂಡನ ಮೊದಲ ಹೆಂಡತಿಯ ಮಕ್ಕಳಿಗೆ ತಲೆ ಬಾಚಿ ಬುತ್ತಿ ಕಟ್ಟುವವಳೂ ತಾಯಿ. ಸರಕಾರದ ಪಕ್ಷಪಾತವನ್ನು ಪತ್ರಿಕೆಗಳು ‘ಮಲತಾಯಿ ಧೋರಣೆ’ ಎಂದು ಬರೆದಾಗಲೆಲ್ಲ ಆ ಹೆಣ್ಣುಮಗಳು ತಲೆ ತಗ್ಗಿಸುತ್ತಾಳೆಂಬುದನ್ನು ಬರೆಯುವವರು ನೆನೆಯಬೇಕು. ಬಸಿರು ನಿಂತು, ಮಗು ಕೈಗೆ ಬಾರದೆ ಹೋದವಳೂ ತಾಯಿಯೆ. ಆಕೆಯ ದುಃಖಕ್ಕೆ ನಮ್ಮಲ್ಲಿ ಸೂತಕದ ವಿಧಿಯೂ ಸರಿಯಾಗಿಲ್ಲ, ಸಾಂತ್ವನದ ಮಾತೂ ಇಲ್ಲ. ತಾಯಿಯಾಗುವುದೇ ಬೇಡವೆಂದು ತಿಳಿದು ನಿರ್ಧರಿಸಿದವಳು ತಾಯಿಯಲ್ಲ. ಆದರೆ ಅದರಿಂದ ಅವಳ ಹೆಣ್ತನದಲ್ಲಿ ಎಳ್ಳಷ್ಟೂ ಕೊರತೆಯಿಲ್ಲ.

ಕಾನೂನನ್ನು ತಿದ್ದಲು ಸಂಸತ್ತು ಬೇಕು. ರೋಗವನ್ನು ತಿದ್ದಲು ವೈದ್ಯರು ಬೇಕು. ಮಾತನ್ನು ತಿದ್ದಲು ನಾವೇ ಸಾಕು. ದತ್ತುಮಗುವಿಗೆ ಅದರ ಕಥೆಯನ್ನು, ಬೇರೆಯವರ ಬಾಯಿಂದ ಕೇಳುವ ಮೊದಲು, ಮನೆಯವರೇ ಅಕ್ಕರೆಯಿಂದ ಹೇಳಲಿ. ಕರ್ಣನ ದುರಂತಕ್ಕೆ ಮೂಲ ಅವನು ಸಾಕುಮಗನಾಗಿದ್ದುದಲ್ಲ, ಸತ್ಯ ಅವನನ್ನು ತಡವಾಗಿ ತಲಪಿದ್ದು. ‘ಬಂಜೆ’ ಎಂಬ ಪದವನ್ನು ನಿಘಂಟಿನಲ್ಲಿ ಉಳಿಸಿ ನಾಲಗೆಯಿಂದ ಇಳಿಸೋಣ. ಮುಂದಿನ ಮದುವೆಮನೆಯಲ್ಲಿ ಯಾವಳಾದರೂ ಸೊಸೆ ಎದುರಾದಾಗ, ‘ವಿಶೇಷವೆ’ ಎಂದು ಕೇಳುವ ಬದಲು ‘ಚೆನ್ನಾಗಿದ್ದೀಯಾ ತಾಯಿ’ ಎಂದು ಕೇಳೋಣ. ಕನ್ನಡದಲ್ಲಿ ನಾವು ಚಿಕ್ಕ ಹುಡುಗಿಯನ್ನೂ ‘ತಾಯಿ’ ಎಂದೇ ಕರೆಯುತ್ತೇವಲ್ಲವೆ? ಆ ಪದವಿಯನ್ನು ಕೊಡಲು ನಮ್ಮ ಭಾಷೆ ಯಾರ ಮಡಿಲನ್ನೂ ಇಣುಕಿ ನೋಡಿಲ್ಲ.